ಐದು ಗೆರೆ

ಮಾರ್ಚ್ ಒಂಬತ್ತು, ಗುರುವಾರ
ಶಾಲೆಯ ಲ್ಯಾಬಿನಿಂದ, ಮಧ್ಯಾಹ್ನ ಮೂರೂವರೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಸೊಂಟದ ನೋವು ಇಳಿಯಿತೇ? ವಾರ್ಡಿನಲ್ಲಿ ಇಡೀ ದಿನ ನಿಂತೇ ಇರಬೇಕು ಎಂದು ಗೊತ್ತು, ಊಟದ ಹೊತ್ತಿಗಾದರೂ ಕೂತುಕೋ. ಅಳಿಯಂದಿರ ಆರೋಗ್ಯ ವಿಚಾರಿಸಿದೆ ಎಂದು ಹೇಳು. ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ಚೂಟಿ ಪಕ್ಕದಲ್ಲೇ ಕಿವಿ ಕೊಟ್ಟುಕೊಂಡು ನಿಂತಿರುತ್ತಾಳೆ. ಅದಕ್ಕೇ ಈ ಕಾಗದ. ನಿನ್ನ ಮಗಳು ಉದ್ದವಾಗಿದ್ದಾಳೆ, ಹೋದ ವರ್ಷದ ಲಂಗಗಳೆಲ್ಲ ಮೊಣಕಾಲಿಗೆ ಬಂದಿವೆ. ಸ್ವಲ್ಪ ಬಡವಾಗಿದ್ದಾಳೆ.

ಮೊದಲು ಸಂತೋಷದ ಸುದ್ದಿ. ಅವಳ ಏಳನೇ ತರಗತಿಗೆ ವಿಜ್ಞಾನದಲ್ಲಿ ಮೊದಲ ಬಹುಮಾನ ಬಂದಿದೆ. ನಲವತ್ತು ಶಾಲೆಗಳು ಸೇರಿದ್ದವಂತೆ. ನಾನು ಇಲ್ಲಿ ಗಾಜಿನ ಸಾಮಾನು ತೊಳೆಯಲು ಸೇರಿ ಹದಿನಾರು ವರ್ಷವಾಯಿತು, ಈ ಶಾಲೆಗೆ ಒಂದು ಸಣ್ಣ ಕಪ್ಪೂ ಬಂದದ್ದು ನೋಡಿಲ್ಲ. ಎಲ್ಲ ಈ ವರ್ಷ ಬಂದ ಹೊಸ ವಿಜ್ಞಾನದ ಟೀಚರ್ ಮಾಡಿದ್ದು. ನಿನಗಿಂತ ಚಿಕ್ಕವರು, ನಡೆಯುವುದೇ ಇಲ್ಲ, ಓಡುತ್ತಾರೆ. ಬಂದ ವಾರವೇ ಬೀರುಗಳ ಬೀಗ ತೆಗೆಸಿ, "ಇವೆಲ್ಲ ಧೂಳು ತಿನ್ನೋಕಾ ಇರೋದು, ಅಮ್ಮಾ? ಮಕ್ಕಳ ಕೈಗೆ ಕೊಡಿ" ಎಂದರು. ಕೊಟ್ಟೆ. ಅರ್ಧ ಡಜನ್ ಬೀಕರು ಒಡೆದವು. ಆದರೆ ಗಂಟೆ ಹೊಡೆದರೂ ಮಕ್ಕಳು ಲ್ಯಾಬು ಬಿಟ್ಟು ಏಳುತ್ತಿರಲಿಲ್ಲ. ನಾನು ಪೊರಕೆ ಹಿಡಿದು ನಿಂತರೆ, "ಲ್ಯಾಬಜ್ಜಿ, ಇನ್ನೈದೇ ನಿಮಿಷ" ಎನ್ನುತ್ತಿದ್ದವು.

ಬಹುಮಾನ ಬಂದ ಪ್ರಯೋಗ ಉಸಿರಿನದು. ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನಿಗೆ ನೀರು ತುಂಬಿ, ನೀರಿನ ಟಬ್ಬಿನಲ್ಲಿ ತಲೆಕೆಳಗಾಗಿ ನಿಲ್ಲಿಸಬೇಕು. ಕೆಳಗಿನಿಂದ ಒಂದು ರಬ್ಬರ್ ಪೈಪು. ಎದೆ ತುಂಬ ಉಸಿರೆಳೆದು ಊದಿದರೆ ಗಾಳಿ ಮೇಲೇರುತ್ತದೆ, ನೀರು ಇಳಿಯುತ್ತದೆ. ಎಷ್ಟು ಇಳಿಯಿತೆಂದು ಕ್ಯಾನಿಗೆ ಅಂಟಿಸಿದ ಕಾಗದದ ಪಟ್ಟಿಯಲ್ಲಿ ನೋಡುವುದು. ಮೇಲಿನಿಂದ ಕೆಳಕ್ಕೆ ಎಣಿಸಬೇಕು, ಒಂದು ಗೆರೆಗೆ ನೂರು ಮಿಲಿ. ಗೆರೆ ಎಳೆದವರು ಟೀಚರ್, ಪಟ್ಟಿ ಅಂಟಿಸಿದವಳು ನಾನು. ಜೂನಿನಲ್ಲಿ ಚೂಟಿ ಇಪ್ಪತ್ತೊಂದು ಗೆರೆ ಊದಿದಳು. ಅವಳ ತರಗತಿಯಲ್ಲಿ ಬಲೂನು ಎಂದು ಕರೆಸಿಕೊಳ್ಳುವ ಗುಂಡುಕೆನ್ನೆಯವನೊಬ್ಬನಿದ್ದಾನೆ, ಅವನು ಇಪ್ಪತ್ತೇಳು. "ಮೆಲ್ಲಗೆ ಊದೋ, ಕ್ಯಾನ್ ಹಾರೋಗುತ್ತೆ" ಎಂದು ನಿನ್ನ ಮಗಳು ಅವನನ್ನು ಗೋಳು ಹುಯ್ದುಕೊಂಡಳು. ದಿನವೂ ದೀರ್ಘ ಉಸಿರಾಟ ಮಾಡಿದರೆ ಈ ಅಳತೆ ಹೆಚ್ಚುತ್ತದೆ ಎಂದು ತೋರಿಸುವುದು ಟೀಚರ ಯೋಚನೆ. ಬೆಳಿಗ್ಗೆ ಮಕ್ಕಳನ್ನು ಹಿಂದಿನ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಹತ್ತು ಸಲ ಎಳೆಸುತ್ತಿದ್ದರು, ಹತ್ತು ಸಲ ಬಿಡಿಸುತ್ತಿದ್ದರು. ಹಿಂದಿನ ಅಂಗಳ ನಿನಗೆ ಗೊತ್ತಲ್ಲ, ಗೋಡೆಯಾಚೆ ಕಲ್ಲುಪುಡಿಯ ಕಾರ್ಖಾನೆ. ಈಗ ಹೊಸ ಗಿರಣಿ ಕೂರಿಸಿದ್ದಾರೆ. ಲ್ಯಾಬಿನ ಕಿಟಕಿಕಟ್ಟೆಯನ್ನು ಹಿಂದೆ ದಿನಕ್ಕೊಮ್ಮೆ ಒರೆಸುತ್ತಿದ್ದೆ, ಈಗ ಮೂರು ಸಲ. ಊಟದ ಬಿಡುವು ಮುಗಿಸಿ ಬರುವಷ್ಟರಲ್ಲಿ ಬೆಂಚಿನ ಮೇಲೆ ಮಕ್ಕಳು ಬೆರಳಿನಲ್ಲಿ ಹೆಸರು ಬರೆದಿರುತ್ತಾರೆ. ಅಷ್ಟು ಬಿಳಿ ಪುಡಿ.

ಆ ಕ್ಯಾನನ್ನು ಮೊದಲ ದಿನ ನೋಡಿದಾಗಲೇ ನನಗೆ ನಿಮ್ಮಪ್ಪನ ನೆನಪಾಯಿತು. ಅದೇ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಚೀಲ ತುಂಬಿದವರು. ಕೊನೆಯ ವರ್ಷ ಡಾಕ್ಟರು ತಿಂಗಳಿಗೊಮ್ಮೆ ಅವರಿಂದ ಒಂದು ಮಿಷನ್ನಿಗೆ ಊದಿಸಿ ಚೀಟಿ ಕೊಡುತ್ತಿದ್ದರು. ಅದೂ ನೂರು ಮಿಲಿಯ ಲೆಕ್ಕವೇ, ಪ್ರತಿ ಚೀಟಿಯಲ್ಲೂ ಅಂಕಿ ಕಡಿಮೆ. "ಮಿಷನ್ನೇ ಸರಿಯಿಲ್ಲ ಕಣೇ" ಎನ್ನುತ್ತ ಅದನ್ನು ಮಡಚಿ ಜೇಬಿಗಿಡುತ್ತಿದ್ದರು. ಅಂಕಿಗಳನ್ನೆಲ್ಲ ನನ್ನ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಕೊನೆಯ ಚೀಟಿಯದ್ದನ್ನು ನಿನಗೆ ಹೇಳಲಿಲ್ಲ, ಆಗ ನಿನ್ನ ಬಡ್ತಿಯ ಪರೀಕ್ಷೆ ಇತ್ತು. ಬರುವ ತಿಂಗಳಿಗೆ ಅವರು ಹೋಗಿ ವರ್ಷವಾಗುತ್ತದೆ. ನನ್ನ ಮಗ್ಗುಲಿನ ಅವರ ಹಾಸಿಗೆಯಲ್ಲಿ ಈಗ ಚೂಟಿ ಮಲಗುತ್ತಾಳೆ.

ಸೆಪ್ಟೆಂಬರಿನಿಂದ ಮಕ್ಕಳ ಗೆರೆ ಇಳಿಯತೊಡಗಿತು. ಮೊದಲು ಒಂದು, ಆಮೇಲೆ ಇನ್ನೊಂದು. "ಕ್ಯಾನ್ ಎಲ್ಲೋ ಸೋರ್ತಿರಬೇಕು, ನೋಡಿ ಅಮ್ಮಾ" ಎಂದರು ಟೀಚರ್. ಎರಡು ಸಲ ನೀರು ತುಂಬಿಟ್ಟು ನೋಡಿದೆ, ಒಂದು ಹನಿಯೂ ಸೋರಲಿಲ್ಲ. ಮಕ್ಕಳು ಉಸಿರಾಟ ಸರಿಯಾಗಿ ಮಾಡುತ್ತಿಲ್ಲ ಎಂದುಕೊಂಡು ಅವರು ಹತ್ತನ್ನು ಮೂವತ್ತು ಮಾಡಿದರು. ನವೆಂಬರಿನಲ್ಲಿ ಚೂಟಿ ಊದಿದ್ದು ಹದಿನೆಂಟು. ಬಲೂನು ಬಿಡುತ್ತಾನೆಯೇ, "ಅಜ್ಜಿ ಹತ್ರ ಊಟ ಮಾಡ್ಕೊಂಡು ಬಾರೇ" ಎಂದ. ಎಲ್ಲರೂ ನಕ್ಕರು. ಇವಳು ಬಾಗಿಲ ಹಿಂದೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು. ಹೆಗಲು ಏರಿಳಿಯುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡು ಹತ್ತಿರ ಹೋದೆ. ಅಳುತ್ತಿರಲಿಲ್ಲ ಮಗಳೇ, ಕೆಮ್ಮನ್ನು ಬಾಯೊಳಗೇ ಹಿಡಿದುಕೊಂಡಿದ್ದಳು.

ಈಗ ಹೇಳುವುದನ್ನು ಯಾರಿಗೂ ಹೇಳಿಲ್ಲ. ಮಾರನೆಯ ದಿನ ಎಲ್ಲರೂ ಊಟಕ್ಕೆ ಹೋದಾಗ ಆ ಪಟ್ಟಿಯನ್ನು ನೀರಿನಲ್ಲಿ ನೆನೆಸಿ ಕಿತ್ತು, ಮೂರು ಗೆರೆ ಮೇಲಕ್ಕೆ ಸರಿಸಿ ಅಂಟಿಸಿದೆ. ತೊಳೆಯುವವಳೂ ಅಂಟಿಸುವವಳೂ ನಾನೇ ಆದಮೇಲೆ ಯಾರಿಗೆ ಅನುಮಾನ ಬರುತ್ತದೆ? ಮಧ್ಯಾಹ್ನ ಚೂಟಿ ಊದಿದಳು, ಇಪ್ಪತ್ತೊಂದು. ಬಲೂನು ಚಪ್ಪಾಳೆ ತಟ್ಟಿದ. ಟೀಚರ ಕಣ್ಣಲ್ಲಿ ನೀರು. ಜನವರಿಯಲ್ಲಿ ಮತ್ತೆ ಇಳಿಯಿತು, ಮತ್ತೆರಡು ಗೆರೆ ಏರಿಸಿದೆ. ಮಕ್ಕಳಿಗೆ ಬೇಸರವಾಗಬಾರದೆಂದು ಮಾಡಿದೆ ಎಂದು ಅವತ್ತು ಡೈರಿಯಲ್ಲಿ ಬರೆದೆ. ಆಮೇಲೆ ಆ ಸಾಲು ಹೊಡೆದುಹಾಕಿದೆ. ಆ ಅಂಕಿಗಳು ಹಾಗೆ ಇಳಿಯುವುದನ್ನು ಇನ್ನೊಂದು ಸಲ ನೋಡುವ ಶಕ್ತಿ ನನಗಿರಲಿಲ್ಲ, ಅಷ್ಟೇ. ನಿಜವಾದ ಅಳತೆಗಳೆಲ್ಲ ಡೈರಿಯಲ್ಲಿವೆ, ಮೂವತ್ತೊಂದು ಮಕ್ಕಳದ್ದೂ.

ಹತ್ತನ್ನು ಮೂವತ್ತು ಮಾಡಿದ್ದರಿಂದಲೇ ಇಳಿದ ಗೆರೆ ಮತ್ತೆ ಏರಿತು ಎಂದು ಟೀಚರ್ ವರದಿ ಬರೆದು ಕಳಿಸಿದರು, ಆಮೇಲೆ ಅಳೆಯುವುದು ನಿಂತಿತು. ಅಂಗಳದ ಉಸಿರಾಟ ನಿಲ್ಲಲಿಲ್ಲ. ಬಲೂನು ಈಗ ಮೆಟ್ಟಿಲ ಅರ್ಧದಲ್ಲಿ ನಿಂತು ಸುಧಾರಿಸಿಕೊಳ್ಳುತ್ತಾನೆ, ಅವನಿಗೆ ಯಾರೂ ತಮಾಷೆ ಮಾಡುವುದಿಲ್ಲ. ಬಹುಮಾನ ಬಂದ ದಿನ ಟೀಚರ ಹತ್ತಿರ ಹೋಗಿ "ಒಂದು ಮಾತಿತ್ತು" ಎಂದೆ. ಅವರು ನನ್ನ ಎರಡೂ ಕೈ ಹಿಡಿದು, "ಇದರಲ್ಲಿ ನಿಮ್ಮ ಪಾಲೂ ಇದೆ ಅಮ್ಮಾ" ಎಂದುಬಿಟ್ಟರು. ನಾನು ಪೊರಕೆ ಎತ್ತಿಕೊಂಡು ಲ್ಯಾಬಿಗೆ ಬಂದುಬಿಟ್ಟೆ. ನಾಳೆ ಬೆಳಿಗ್ಗೆ ಸಮಾರಂಭ. ಕಾರ್ಖಾನೆಯ ಮ್ಯಾನೇಜರು ಬಂದು ಫಲಕ ಕೊಡುತ್ತಾರೆ, ಮಕ್ಕಳು ವೇದಿಕೆಯ ಮೇಲೆ ಊದಿ ತೋರಿಸುತ್ತಾರೆ. ಸೋಮವಾರದಿಂದ ಒಂದನೇ ತರಗತಿಯ ಕೂಸುಗಳಿಂದ ಹಿಡಿದು ಇಡೀ ಶಾಲೆ ಹಿಂದಿನ ಅಂಗಳದಲ್ಲಿ ನಿಂತು ಉಸಿರೆಳೆಯಬೇಕೆಂದು ಹೆಡ್ಮಾಸ್ತರು ಸುತ್ತೋಲೆ ಓದಿಸಿದ್ದಾರೆ. ನಾನೂರು ಮಕ್ಕಳು. ನಾನು ಏರಿಸಿದ ಐದು ಗೆರೆ ನೋಡಿಯೇ ಅವರು ಇದನ್ನು ಮಾಡುತ್ತಿರುವುದು.

ಇಲ್ಲಿಗೆ ನಿಲ್ಲಿಸುತ್ತೇನೆ, ಅಂಚೆಯವನು ನಾಲ್ಕೂವರೆಗೆ ಬರುತ್ತಾನೆ. ನೀವಿಬ್ಬರೂ ಹೊತ್ತಿಗೆ ಸರಿಯಾಗಿ ಉಣ್ಣಿ. ನಿನ್ನ ತಲೆಯ ಮೇಲೆ ಕೈಯಿಟ್ಟಿದ್ದೇನೆ ಎಂದುಕೋ.

ನಿನ್ನ
ಅಮ್ಮ

ಸಹಿ ಹಾಕಿದ ಮೇಲೆ ಮತ್ತೆ ಬರೆಯುತ್ತಿದ್ದೇನೆ. ಈಗಷ್ಟೇ ಎದ್ದುಹೋಗಿ ಪಟ್ಟಿ ಕಿತ್ತು ಅದರ ಹಳೆಯ ಗುರುತಿನ ಮೇಲೇ ಅಂಟಿಸಿ ಬಂದೆ. ಡೈರಿಯನ್ನು ಟೀಚರ ಮೇಜಿನ ಮೇಲೆ ಇಟ್ಟಿದ್ದೇನೆ. ಓದಿದರೆ ಇವತ್ತೇ ತಿಳಿಯುತ್ತದೆ, ಓದದಿದ್ದರೆ ನಾಳೆ ವೇದಿಕೆಯ ಮೇಲೆ ಎಲ್ಲರೂ ನೋಡುತ್ತಾರೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನನ್ನ ಕೆಲಸ ಹೋಗಿರುತ್ತದೆ, ಅದು ಹೋಗಲಿ. ಆಸ್ಪತ್ರೆಯವರು ರಜೆ ಕೊಡದಿದ್ದರೂ ನೀನು ಹೊರಟು ಬಾ, ಚೂಟಿಯನ್ನು ಕರೆದುಕೊಂಡು ಹೋಗಿ ನಿನ್ನ ಆಸ್ಪತ್ರೆಯಲ್ಲೇ ತೋರಿಸು. ಪರೀಕ್ಷೆ ಮುಗಿಯಲಿ ಎನ್ನಬೇಡ. ಪಟ್ಟಿ ಅಂಟಿಸಿದ ಮೇಲೆ ಅವಳೊಬ್ಬಳನ್ನೇ ಕರೆದು ಊದಿಸಿದೆ. ಹದಿನಾಲ್ಕು ಬಂತು. ನಿಮ್ಮಪ್ಪನ ಕೊನೆಯ ಚೀಟಿಯಲ್ಲಿ ಇದ್ದದ್ದು ಹದಿಮೂರು.