ಸೊಟ್ಟ ಕಾಲರ್ ನನ್ನದು

ಭಾಂಡುಪ್, ೧೪ ಜೂನ್ ೧೯೭೩

ಸಮವಸ್ತ್ರ ಹೊಲಿಗೆ ಕೇಂದ್ರದ ಮಾನ್ಯ ಆಯ್ಕೆ ಅಧಿಕಾರಿಗಳೇ,

ಮೊನ್ನೆ ಸೋಮವಾರ ನೀವು ನನಗೆ ಕೆಲಸ ಕೊಟ್ಟಿರಿ. ಅದು ಅನ್ಯಾಯ. ಕೆಲಸ ಸಿಕ್ಕವಳೇ ದೂರುತ್ತಿದ್ದಾಳೆಂದು ನಗಬೇಡಿ, ಪೂರ್ತಿ ಓದಿ.

ನಮ್ಮ ಚಾಳಿನಲ್ಲಿ ನನ್ನ ಖೋಲಿಯ ಪಕ್ಕದ್ದೇ ಅಮೀರುನ್ನೀಸಾಳ ಖೋಲಿ. ಇಬ್ಬರೂ ವಿಜಾಪುರದ ಕಡೆಯವರು. ಇಬ್ಬರಿಗೂ ಸೇರಿ ಇರುವುದು ಒಂದೇ ಹೊಲಿಗೆ ಮಷೀನು. ಏಳು ವರ್ಷದಿಂದ ಕಾಲರ್, ತೋಳು ನನ್ನ ಪಾಲು. ಗುಂಡಿ, ಅದು ತೂರುವ ಕಾಜಾ ಅವಳ ಪಾಲು. ಪರೀಕ್ಷೆಗೆ ತಲಾ ಒಂದು ಅಂಗಿ ಹೊಲಿದು ತನ್ನಿ ಎಂದಾಗಲೂ ರೂಢಿ ಬಿಡಲಿಲ್ಲ, ಎರಡನ್ನೂ ಕೂಡಿಯೇ ಹೊಲಿದೆವು. ಅದು ನಮ್ಮ ತಪ್ಪು, ಒಪ್ಪುತ್ತೇನೆ.

ನೀವೂ ನಮ್ಮ ಕನ್ನಡ ಮಾತಿನವರೆಂದು ನಂಬಿ ಬಂದಿದ್ದೆವು. ನೀವೋ ಮೊದಲು ಅಂಗಿಗೆ ಚುಚ್ಚಿದ ಹೆಸರಿನ ಚೀಟಿ ಓದಿದಿರಿ, ಆಮೇಲೆ ಅಂಗಿ ನೋಡಿದಿರಿ. ಅವಳ ಅಂಗಿಯ ಕಾಲರ್ ಸೊಟ್ಟ, ಈ ಜನರ ಕೆಲಸವೇ ಹೀಗೆ ಎಂದಿರಿ. ನನ್ನ ಅಂಗಿಯ ಕಾಜಾದ ಮೇಲೆ ಬೆರಳಾಡಿಸಿ, ಮನೆತನಸ್ಥ ಹೆಣ್ಣುಮಗಳ ಕೈ ಎಂದು ಹೊಗಳಿದಿರಿ. ಮಾನ್ಯರೇ, ಆ ಸೊಟ್ಟ ಕಾಲರ್ ನನ್ನದು. ಆ ಕಾಜಾ ಅವಳದು. ನನ್ನ ಅಂಗಿಯ ಕಾಲರೂ ಅಷ್ಟೇ ಸೊಟ್ಟಗಿತ್ತು, ನಿಮಗೆ ಕಾಣಲಿಲ್ಲ. ಇಂಥ ಕಣ್ಣಿಗೆ ಡಾಕ್ಟರು ಯಾವ ನಂಬರಿನ ಕನ್ನಡಕ ಕೊಡುತ್ತಾರೆ? ಹೀಗೆ ಚೀಟಿ ಓದಿಯೇ ಎಷ್ಟು ಮನೆಗಳ ಒಲೆ ಆರಿಸಿದ್ದೀರಿ?

ಅಲ್ಲೇ ಏಕೆ ಹೇಳಲಿಲ್ಲ ಎನ್ನುವಿರಿ. ಕೆಲಸದ ಆಸೆ ನನ್ನ ಬಾಯಿ ಕಟ್ಟಿತು, ನಾಚಿಕೆಯಾಗುತ್ತದೆ. ಮರುದಿನ ಬಂದು ಹೇಳಿದರೆ, ಗೆಳತಿಗಾಗಿ ಸುಳ್ಳಾಡುತ್ತೀ, ಸಹಿಯಾದ ಪಟ್ಟಿ ತಿದ್ದಲಾಗದು ಎಂದಿರಿ. ಸೊಟ್ಟ ಹೊಲಿಗೆ ನನ್ನದೆಂದು ಯಾವ ಹೆಂಗಸು ಸುಳ್ಳು ಹೇಳುತ್ತಾಳೆ ಸ್ವಾಮಿ?

ಅಮೀರುನ್ನೀಸಾಳಿಗೆ ಗಂಡನಿಲ್ಲ. ಈ ಕೆಲಸ ತಪ್ಪಿದರೆ ಬರುವ ಸೋಮವಾರದಿಂದ ಅವಳ ಮಗಳು ಮಲಿಕಾ ಶಾಲೆಯ ಆರನೇ ಇಯತ್ತೆ ಬಿಟ್ಟು ಮಾಟುಂಗದ ಒಂದು ಮನೆಗೆ ಪಾತ್ರೆ ತಿಕ್ಕಲು ಹೋಗುತ್ತಾಳೆ. ನಿನ್ನೆ ನೋಡಿದರೆ ಅಮೀರುನ್ನೀಸಾ ಬೇರೊಂದು ಅಂಗಿಗೆ ತಾನೇ ಹೊಲಿದ ಕಾಜಾ ಬಿಚ್ಚುತ್ತ ಕೂತಿದ್ದಳು. ಏಕೆಂದು ಕೇಳಿದೆ.

"ಸಾಹೇಬ್ರು ಓದಿದವ್ರು, ನೀಲಾ. ನನ್ನ ಕೈಯಾಗ ಖರೇನ ಏನೋ ಕೆಟ್ಟೈತಿ" ಎಂದಳು.

ಅವಳ ಕೈಯಿಂದ ಆ ಅಂಗಿ ಕಸಿದುಕೊಂಡೆ.

ಎರಡೂ ಅಂಗಿ ನಿಮ್ಮ ಕಪಾಟಿನಲ್ಲಿವೆ. ಚೀಟಿ ಕಿತ್ತುಹಾಕಿ ಇನ್ನೊಮ್ಮೆ ನೋಡಿ. ಸಾಲದಿದ್ದರೆ ಶನಿವಾರದೊಳಗೆ ಇಬ್ಬರನ್ನೂ ಕರೆದು ಎದುರಿಗೇ ಒಂದೊಂದು ಕಾಜಾ ಹೊಲಿಸಿ. ನನ್ನದು ಕೆಡುತ್ತದೆ. ಆಗ ನನ್ನ ಹೆಸರು ಹೊಡೆದು ಅವಳದು ಬರೆಯಿರಿ. ನಾನು ಅಳುವುದಿಲ್ಲ ಎಂದು ಮಾತ್ರ ಮಾತು ಕೊಡಲಾರೆ.

ಇಂತಿ,
ನೀವು ಮೆಚ್ಚಿದ, ಕಾಜಾ ಹೊಲಿಯಲು ಬಾರದ
ನೀಲಾಬಾಯಿ