ಹೊಸ ತಾಯಿ

ಕಪೆನಿ, ಜೂನ್ 3, ಮಂಗಳವಾರ

ತಿಯಾಮಿಕೆ,

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಗೆ ಪೆನ್ನು ಹಿಡಿಸಿದ್ದೀಯಲ್ಲ, ನಿನಗೆ ಏನನ್ನಬೇಕು? ಫೋನ್ ಮಾಡಿದರೆ ನಿನ್ನ ಚಿಕ್ಕಮ್ಮ ಡೋರಿಕಾ ಎತ್ತಿ, "ಮಗಳು ಮಲಗಿದಾಳೆ ಅಕ್ಕಾ, ಎಬ್ಬಿಸಲ್ಲ" ಅನ್ನುತ್ತಾಳೆ. ಮಗಳಂತೆ!

ನೀನು ನರ್ಸ್ ಆಗಿ ಪಾಸಾದ ದಿನದ ಫೋಟೋ ಊರೆಲ್ಲ ನೋಡಿತು. ನಿನ್ನ ಭುಜಕ್ಕೆ ಹೊಸ ಚಿಟೆಂಜೆ ಬಟ್ಟೆ ಹೊದಿಸುತ್ತಿರುವವಳು ಡೋರಿಕಾ. ನಿನ್ನಮ್ಮ ಸತ್ತ ಮೇಲೆ ಅಂಥದೇ ಬಟ್ಟೆಯಲ್ಲಿ ನಿನ್ನನ್ನು ಬೆನ್ನಿಗೆ ಕಟ್ಟಿಕೊಂಡು ಮೆಕ್ಕೆಜೋಳ ಕುಟ್ಟಿದವಳು ನಾನು. ಬಸ್ಸಿನಲ್ಲಿ ನನಗೆ ವಾಂತಿಯಾಗುತ್ತದೆಂದು ಆ ದಿನಕ್ಕೆ ನನ್ನನ್ನು ಕರೆಯಲಿಲ್ಲವಂತೆ. ವಾಂತಿ ಮಾಡಿಕೊಂಡೇ ಬರುತ್ತಿದ್ದೆ.

ಆ ಸಿಟ್ಟಿನಲ್ಲಿ ಒಂದು ತಪ್ಪು ಮಾಡಿದೆ. ನಮ್ಮೂರ ಆಸ್ಪತ್ರೆ ನೋಡಿಕೊಳ್ಳುವ ಕಚಾಲೆ ಭಾನುವಾರ ಬಂದು, "ಅಮ್ಮಾ, ಹೆರಿಗೆ ವಾರ್ಡಿಗೆ ಒಬ್ಬಳು ನರ್ಸ್ ಬೇಕು. ನಿಮ್ಮ ಹುಡುಗಿ ಬರ್ತಾಳಾ?" ಅಂದ.

"ನನ್ನನ್ಯಾಕೆ ಕೇಳ್ತೀಯ? ಬ್ಲಾಂಟೈರ್ ಪಟ್ಟಣದಲ್ಲಿ ಅವಳಿಗೆ ಹೊಸ ತಾಯಿ ಸಿಕ್ಕಿದಾಳೆ, ಅವಳನ್ನೇ ಕೇಳು ಹೋಗು" ಅಂದೆ. ಅವನು ಸೈಕಲ್ ಹತ್ತಿ ಹೊರಟುಹೋದ.

ಐದು ತಿಂಗಳಿಂದ ನೀನು ಕೆಲಸಕ್ಕೆ ಅಲೆಯುತ್ತಿರುವುದು ನನಗೆ ಗೊತ್ತು. ನಿನ್ನೆ ನಾನೇ ಆಸ್ಪತ್ರೆಗೆ ಹೋಗಿ, ಅದು ಹೊಟ್ಟೆಕಿಚ್ಚಿಗೆ ಆಡಿದ ಮಾತು ಅಂತ ಒಪ್ಪಿಕೊಂಡೆ. ಹೆರಲು ಬಂದವರ ಮನೆಯ ಹೆಂಗಸರು ಅಂಗಳದಲ್ಲಿ ಒಲೆ ಹಚ್ಚಿ ಕೂತಿದ್ದರು, ಅಷ್ಟೂ ಜನ ಕೇಳಿಸಿಕೊಂಡರು. ಕಚಾಲೆ ಶನಿವಾರದವರೆಗೆ ಕಾಯುತ್ತಾನಂತೆ. ಆಮೇಲೆ ಆ ಜಾಗ ಬೇರೆಯವಳಿಗೆ.

ಬರುತ್ತೀಯೋ ಇಲ್ಲವೋ, ನೀನೇ ಬರೆ. ಡೋರಿಕಾಳ ಬಾಯಲ್ಲಿ ಹೇಳಿಸಬೇಡ. ಈ ಕಾಗದ ತಂದ ಮಿನಿಬಸ್ಸಿನವನ ಕೈಯಲ್ಲೇ ಜೂನ್ ಆರು, ಶುಕ್ರವಾರದೊಳಗೆ ಉತ್ತರ ಬರಬೇಕು.

ನಿನ್ನ ದೊಡ್ಡಮ್ಮ,
ಎನೆಸಿ