ಗೂಡು ಮುಟ್ಟಬೇಡಿ ಎಂದ ಮ್ಯಾನೇಜರರಿಗೆ

ಮಾನ್ಯ ಶಾಖಾ ವ್ಯವಸ್ಥಾಪಕರೇ,

"ಪರಿಶೀಲನೆ ಮುಗಿಯುವವರೆಗೆ ದಾಸ್ತಾನನ್ನು ಮುಟ್ಟತಕ್ಕದ್ದಲ್ಲ" ಎಂಬ ನಿಮ್ಮ ಒಂದು ಸಾಲಿನ ಆದೇಶ ಕಳೆದ ತಿಂಗಳು ರೇಷ್ಮೆನೂಲು ಬಿಚ್ಚುವ ನಮ್ಮ ಫಿಲೇಚರನ್ನು ಮುಚ್ಚಿಸಿತು. ಈಗ ಅದೇ ಆದೇಶ ಎದುರುಮನೆಯ ಶುಕೂರ್ ಅವರ ಬಾಗಿಲಿಗೆ ಬಂದಿದೆ. ಅವರು ಶನಿವಾರ ರಾಮನಗರದ ಮಾರುಕಟ್ಟೆಯಲ್ಲಿ ಕೊಂಡ ರೇಷ್ಮೆಗೂಡು ಬುಟ್ಟಿಗಳಲ್ಲಿ ನಿಮ್ಮ ದಾರಿ ನೋಡುತ್ತಿದೆ. ಖಾಸಗಿಯಾಗಿ ಬರೆದರೆ ತಾವು ಉತ್ತರಿಸುವ ಕೃಪೆ ಮಾಡುವುದಿಲ್ಲ. ಆದ್ದರಿಂದ ಊರೇ ಓದಲಿ ಎಂದು ಇದನ್ನು ಪತ್ರಿಕೆಗೆ ಕೊಟ್ಟು, ನಿಮ್ಮ ಶಾಖೆಯ ಬಾಗಿಲಿಗೂ ಒಂದು ಪ್ರತಿ ಅಂಟಿಸಿದ್ದೇನೆ.

ನಮ್ಮ ಕಸುಬಿನಲ್ಲಿ ಗೂಡು ಕೊಂಡವರು ಅಂದೇ ನಗದು ಕಟ್ಟಬೇಕು. ನೂಲು ಮಾರಿದ ಹಣ ಕೈಸೇರಲು ವಾರ ಹಿಡಿಯುತ್ತದೆ, ವ್ಯಾಪಾರಿಯ ಮರ್ಜಿ ಕೆಟ್ಟರೆ ತಿಂಗಳೂ ಆದೀತು. ನಡುವಿನ ದಿನಗಳನ್ನು ದಾಟಿಸುವುದು ದಾಸ್ತಾನಿನ ಆಧಾರದ ಮೇಲೆ ನಿಮ್ಮ ಬ್ಯಾಂಕು ಕೊಡುವ ಸಾಲದ ಲಿಮಿಟ್. ಅದು ನಿಂತರೆ ಲಾಭ ಕಡಿಮೆಯಾಗುವುದಲ್ಲ ಸ್ವಾಮಿ, ಕೆಲಸವೇ ನಿಲ್ಲುತ್ತದೆ. ಇಷ್ಟು ನಿಮಗೂ ಗೊತ್ತು. ಗೂಡಿನೊಳಗೆ ಜೀವಂತ ಹುಳು ಇರುತ್ತದೆ ಎಂಬುದನ್ನು ಮಾತ್ರ ಯಾರೂ ನಿಮಗೆ ಹೇಳಿದಂತಿಲ್ಲ. ಬಿಡದಿಯ ಕಾರ್ಖಾನೆಗಳಿಗೆ ಬೋಲ್ಟು ಮಾಡಿಕೊಡುವವರ ಗೋದಾಮಿನ ನಿಯಮವನ್ನು ತಂದು ನಮಗೂ ಹಚ್ಚಿದಿರಿ. ಬೋಲ್ಟನ್ನು ಇಂದು ಎಣಿಸಿದರೂ ಅಷ್ಟೇ, ಯುಗಾದಿ ಕಳೆದು ಎಣಿಸಿದರೂ ಅಷ್ಟೇ. ಗೂಡನ್ನು ನಾಲ್ಕಾರು ದಿನದಲ್ಲಿ ಬಿಚ್ಚಬೇಕು, ಇಲ್ಲವೇ ಹಬೆಗಿಟ್ಟು ಹುಳು ಕೊಂದು ಒಣಗಿಸಬೇಕು. ಒಣಗಿದಷ್ಟೂ ತೂಕ ಇಳಿಯುತ್ತದೆ.

ನಮ್ಮನ್ನು ಮುಳುಗಿಸಿದ್ದು ಆ ತೂಕವೇ. ಸೋಮವಾರ ಬರುತ್ತೇವೆ ಎಂದಿರಿ, ಬರಲಿಲ್ಲ. ಒಣಗಿಸೋಣ ಎಂದರೆ ನಮ್ಮ ಯಜಮಾನರು ಚನ್ನಬಸವಯ್ಯನವರು ಅಡ್ಡ ನಿಂತರು. "ನಾವ್ ಬ್ಯಾಂಕ್ಗೆ ಬರ್ಕೊಟ್ಟಿರೋ ತೂಕ ತಕ್ಕಡೀಲಿ ಬರ್ದೆ ಹೋದ್ರೆ ಮಾರ್ಕೊಂಡ್ಬುಟ್ಟವ್ರೆ ಅಂತಾರೆ ಕಣೆ. ಒಸಿ ತಡ್ಕೊ, ಬತ್ತಾರೆ." ಮೂರು ತಲೆಮಾರಿನಿಂದ ನೂಲು ತೆಗೆದವರು, ಈ ಬೀದಿಯ ಮಕ್ಕಳೂ ಮಾಡದ ತಪ್ಪನ್ನು ನಿಮ್ಮ ಭಯಕ್ಕೆ ಮಾಡಿದೆವು. ಗುರುವಾರ ಮಧ್ಯಾಹ್ನ, ನಮ್ಮಲ್ಲಿ ನೂಲು ಬಿಚ್ಚುವ ರೋಶನ್ ಬೀ ಬುಟ್ಟಿಯತ್ತ ಬಗ್ಗಿದವಳು ಹಾಗೇ ನಿಂತಳು. "ಅಮ್ಮಾ, ಒಳಗೆ ಏನೋ ಕೆರೀತೈತೆ." ಗೂಡುಗಳ ತುದಿ ಒದ್ದೆಯಾಗಿತ್ತು.

ಮರುದಿನ ನೀವು ಕಾರಿನಿಂದ ಇಳಿಯುವ ಹೊತ್ತಿಗೆ ಬಿಳಿ ಚಿಟ್ಟೆಗಳು ಗೋಡೆ, ಚರಕ, ದೇವರ ಪಟದ ಮೇಲೆಲ್ಲ ಹತ್ತಿದ್ದವು. ತೂತುಬಿದ್ದ ಗೂಡಿನಿಂದ ಎಳೆ ಬರುವುದಿಲ್ಲ. ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ನೀವು ಕೇಳಿದಿರಿ, "ಇಷ್ಟೊಂದು ಬೇಜವಾಬ್ದಾರಿಯವರಿಗೆ ಬ್ಯಾಂಕು ಹೇಗಮ್ಮ ಹಣ ಕೊಡುತ್ತೆ?" ಲಿಮಿಟ್ ರದ್ದಾಯಿತು, ಕಾರಣ "ಅದಕ್ಷ ನಿರ್ವಹಣೆ". ಮುಟ್ಟಬೇಡಿ ಎಂದವರು ಯಾರು ಸ್ವಾಮಿ? ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವರು ನೀವು, ಉಣ್ಣುತ್ತಿರುವವರು ನಾವು.

ನಿನ್ನೆ ಶುಕೂರ್ ಅವರ ಮನೆಗೆ ಹೋಗಿ, ದಮ್ಮಯ್ಯ, ಹಬೆಗಿಡಿ ಎಂದು ಗೋಗರೆದೆ. ಅಂದು ನಮ್ಮ ಮನೆಯ ಚಿಟ್ಟೆಗಳನ್ನು ಗುಡಿಸಿ ಹಾಕಿದವರೇ ಅವರು. ಆದರೂ ಒಪ್ಪಲಿಲ್ಲ. "ಸಾಹೇಬ್ರು ಮುಟ್ಬ್ಯಾಡಿ ಅಂದವ್ರೆ ಅಕ್ಕಾ. ತೂಕ ಕಮ್ಮಿಯಾಗಿ ಲಿಮಿಟ್ ಹೋಗ್ಬುಟ್ರೆ ನಾನೆಲ್ಲಿಗೋಗ್ಲಿ?" ಅವರ ಹೆಂಡತಿ ನೂರ್ಜಹಾನ್ ಬುಟ್ಟಿಗಳ ಮೇಲೆ ಒದ್ದೆ ಗೋಣಿ ಹೊದಿಸುತ್ತಿದ್ದರು, ತಂಪಿಗೆ ಹುಳುಗಳು ಇನ್ನೊಂದು ದಿನ ಮಲಗಿರಲಿ ಎಂದು. ಅದನ್ನು ನೋಡಿ ಮನೆಗೆ ಬಂದವಳೇ ಈ ಪತ್ರ ಬರೆಯಲು ಕೂತೆ.

ನಮ್ಮ ಲಿಮಿಟ್ಟಿನ ಮಾತು ಆಮೇಲಿರಲಿ. ಇದನ್ನು ಓದಿದ ಕೂಡಲೇ ಫೋನ್ ಎತ್ತಿ ಶುಕೂರ್ ಅವರಿಗೆ ಹೇಳಿ: ಒಣಗಿಸಿ, ಒಣಗಿದ ತೂಕವನ್ನೇ ಲೆಕ್ಕಕ್ಕೆ ಹಿಡಿಯುತ್ತೇವೆ ಎಂದು. ಸಂಜೆಯೊಳಗೆ ಫೋನ್ ಬರದಿದ್ದರೆ ನಾನೇ ಎದುರುಮನೆಗೆ ನುಗ್ಗಿ ಒಲೆ ಹಚ್ಚುತ್ತೇನೆ. ದಾಸ್ತಾನು ಮುಟ್ಟಿದ ಅಪರಾಧವನ್ನು ನನ್ನ ಹೆಸರಿಗೇ ಬರೆದುಕೊಳ್ಳಿ. ನನ್ನಿಂದ ಕಿತ್ತುಕೊಳ್ಳಲು ನಿಮಗೆ ಇನ್ನೇನೂ ಉಳಿದಿಲ್ಲ.

ಇಂತಿ,
ನಿಮ್ಮ ಮಾಜಿ ಗ್ರಾಹಕಿ
ಯಶೋಧಾ, ರಾಮನಗರ